ದುರ್ಬೀನಿನ ಹಿಂದಿನ ಸ್ಕ್ರೂ

ಗೋಪನಕೊಪ್ಪ, ಹುಬ್ಬಳ್ಳಿ
೧೮ ಸೆಪ್ಟೆಂಬರ್ ೨೦೨೫, ಗುರುವಾರ

ಚಿ. ಸೌ. ಮಾನಸಿಗೆ,

ನಿನ್ನ ಅತ್ಯಾಳ ಆಶೀರ್ವಾದ. ಪತ್ರದ ಕೊನೆಗೆ ಕೊಡಬೇಕಾದದ್ದನ್ನೂ ಸೇರಿಸಿ ಇಲ್ಲೇ ಕೊಟ್ಟುಬಿಟ್ಟಿದ್ದೇನೆ. ಪೂರ್ತಿ ಓದಿದ ಮೇಲೆ ನೀನು ಅದನ್ನು ತೆಗೆದುಕೊಳ್ಳುವ ಮನಸ್ಸಿನಲ್ಲಿ ಇರುತ್ತೀಯೋ ಇಲ್ಲವೋ ಗೊತ್ತಿಲ್ಲ.

ದಿನಾ ಫೋನಿನಲ್ಲಿ ಮಾತಾಡುವ ಅತ್ತೆ ಪತ್ರ ಯಾಕೆ ಬರೆದಳು ಎಂದು ನೀನು ಹುಬ್ಬು ಗಂಟು ಹಾಕಿಕೊಂಡಿರುವುದು ಇಲ್ಲಿಂದಲೇ ಕಾಣುತ್ತದೆ. ತಪ್ಪು ನನ್ನದೇ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂಡಿಸಿಕೊಂಡು ನಿನ್ನ ಕಿವಿ ತಯಾರು ಮಾಡಿದವಳು ನಾನು. ಮೊನ್ನೆ ಫೋನಿನಲ್ಲಿ "ಮನ್ಯಾಗ ಎಲ್ಲಾ ಛಲೋ ಅದವಾ" ಎಂದು ಇಷ್ಟೇ ಅಂದೆ. ನೀನು, "ಅತ್ಯಾ, ನಿಮ್ಮ ಷಡ್ಜ ಯಾಕೋ ಅಳ್ಳಾಡಲಿಕ್ಕತ್ತದ" ಎಂದುಬಿಟ್ಟೆ. ಇಂಥ ಸೊಸೆಗೆ ಸುಳ್ಳು ಹೇಳುವುದು ಹೇಗೆ? ಕಾಗದಕ್ಕೆ ದನಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಂಕೇತ ಬ್ಯಾಂಕಿನ ಕೆಲಸಕ್ಕೆ ಪುಣೆಗೆ ಬರುತ್ತಿದ್ದಾನಲ್ಲ, ಅವನ ಕೈಯಲ್ಲೇ ಕಳಿಸುತ್ತೇನೆ. ಪಾಪ, ನಿನ್ನ ಗಂಡನಿಗೆ ಇದರಲ್ಲಿ ಏನಿದೆ ಎಂದು ಗೊತ್ತಿಲ್ಲ. ಅವನನ್ನು ಬೈಯಬೇಡ.

ವಿಷಯ ಇಷ್ಟು. ನಿನ್ನ ಅಪ್ಪನ ಬಂದೂಕಿನ ದುರ್ಬೀನು ಕಳಚಿ ಬಂದಿತ್ತು. ಈಗ ಕೂತಿದೆ. ಒಂದು ಗುಟುಕು ನೀರು ಕುಡಿದು ಮುಂದೆ ಓದು.

ನನಗೆ ಗೊತ್ತು ಮಾನಸಿ. ಬೀಗರು, ಅಂದರೆ ನಿಮ್ಮ ಅಪ್ಪ ತ್ರ್ಯಂಬಕರಾಯರು, ತೀರಿಕೊಂಡ ಮೇಲೆ ಆ ಗಾಳಿ ಬಂದೂಕನ್ನು ನೀನು ಅವರ ಮಫ್ಲರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಗೆ ನನ್ನ ತಂಬೂರಿಯ ಮಗ್ಗುಲಿಗೆ ಅದನ್ನು ಮಲಗಿಸಿ, ಕುಂಕುಮ ಹಚ್ಚಿ, ಮತ್ತೆ ಮಫ್ಲರು ಸುತ್ತುತ್ತೀ. "ಅಪ್ಪ ಕೂಡಿಸಿದ ಗುರಿ ಹಂಗೇ ಇರಲಿ. ಆ ದುರ್ಬೀನಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ನೀನು ಹೇಳಿದ ದಿನ ನಾನೇ ಅದನ್ನು ಎತ್ತಿ ಮೇಲಿನ ಖಾನೆಯಲ್ಲಿಟ್ಟದ್ದು. ನಮ್ಮ ಹಿತ್ತಿಲಲ್ಲಿ ಊರ ಮಕ್ಕಳಿಗೆಲ್ಲ ಗುರಿ ಹಿಡಿಯುವುದನ್ನು ಕಲಿಸುವವಳು, ಈಗ ಪುಣೆಯಲ್ಲಿ ಕೂತು ಇನ್ನೂ ಚೆನ್ನಾಗಿ ಕಲಿಸುವುದನ್ನು ಕಲಿಯುತ್ತಿರುವವಳು, ನೀನು ಮಾತ್ರ ಅಂದಿನಿಂದ ಒಂದು ಗುಂಡೂ ಹೊಡೆದಿಲ್ಲ. ಈ ಹಬ್ಬಕ್ಕೆ ನೀನು ಬರುವವಳು. ಬಂದವಳು ಮೊದಲು ಬಿಚ್ಚುವುದೇ ಆ ಮಫ್ಲರನ್ನು. ಒಳಗೆ ದುರ್ಬೀನು ಬೇರೆ, ಬಂದೂಕು ಬೇರೆಯಾಗಿ ಬಿದ್ದಿದ್ದರೆ? ಹದಿನೈದು ದಿನ ನನಗೆ ಊಟ ಸೇರಿಲ್ಲ. ಅಂದರೆ ಎರಡನೇ ಸಲ ಬಡಿಸಿಕೊಂಡದ್ದು ಸೇರಿಲ್ಲ.

ಆದದ್ದು ಹೀಗೆ. ಹಬ್ಬಕ್ಕೆ ಮುಂಚೆ ಮನೆಯ ಧೂಳು ಹೊಡೆಯಬೇಕಲ್ಲ. ಕಪಾಟು ಒರೆಸಲು ಬಂದೂಕು ಕೆಳಗೆ ತೆಗೆದೆ. ಒರೆಸುವಾಗ ಸ್ಕ್ರೂ ಸಡಿಲಾಯಿತು.

ಈ ಎರಡು ಸಾಲು ಬರೆದು ಎದ್ದು ಹೋಗಿ ಚಹಾ ಕುಡಿದು ಬಂದೆ. ಕಾಗದಕ್ಕೆ ದನಿ ಇಲ್ಲ ಎಂದದ್ದು ಸುಳ್ಳು. ಓದಿ ನೋಡಿದರೆ ನನಗೇ ಅಪಸ್ವರ ಕೇಳಿಸುತ್ತದೆ. ಒರೆಸುವಾಗ ಏನೂ ಆಗಲಿಲ್ಲ. ಒರೆಸಿದ ಮೇಲೆ ನಾನು ಬಂದೂಕನ್ನು ಮಾಳಿಗೆಯ ಮೇಲೆ ಗಚ್ಚಿಗೆ ತೆಗೆದುಕೊಂಡು ಹೋಗಿ ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿದೆ. ಒಂದು ಸಲ ನೋಡಿಡೋಣ ಎಂದು ನೋಡಿದ್ದು. ಅಯ್ಯೋ, ಎಂಥ ಚಂದ ಕಾಣಿಸುತ್ತದೆಯೇ! ಕಣ್ಣಿನ ಪೊರೆ ತೆಗೆಸಿದ ಮೇಲೂ ನನಗೆ ಅಷ್ಟು ಸ್ಪಷ್ಟ ಕಂಡಿರಲಿಲ್ಲ. ದೂರದ ನೀರಿನ ಟಾಕಿಯ ಮೇಲೆ ಒಂದು ಮಿಂಚುಳ್ಳಿ ಕೂತು ಮೈ ತಿಕ್ಕಿಕೊಳ್ಳುತ್ತಿತ್ತು. ಎದುರುಮನೆ ಅಕ್ಕವ್ವ ಒಣಗಲು ಹಾಕಿದ ಸಂಡಿಗೆಯಲ್ಲಿ ಜೀರಿಗೆ ಎಷ್ಟು ಕಡಿಮೆ ಎಂಬುದೂ ಕಂಡಿತು. ಖಾಲಿ ಇದ್ದರೂ ಬಂದೂಕಿನ ಬಾಯಿ ಮನುಷ್ಯರ ಕಡೆ ತಿರುಗಿಸಬಾರದು ಎಂದು ನೀನು ಮಕ್ಕಳಿಗೆ ಹೇಳುವುದು ನನಗೆ ನೆನಪಾದದ್ದು ಅಕ್ಕವ್ವ ಕೈಯಲ್ಲಿದ್ದ ಪಾತ್ರೆ ಬಿಟ್ಟು ಒಳಗೆ ಓಡಿದ ಮೇಲೆ. ಸಂಜೆ ಅವರ ಮನೆಯಿಂದ ಒಂದು ಡಬ್ಬಿ ಸಂಡಿಗೆ ಬಂತು. "ತಾರಾಬಾಯಾರ, ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದಳು. ನಾನು ಹೋಗಿ ಕೈ ಹಿಡಿದು ಕ್ಷಮೆ ಕೇಳಿ ಬಂದೆ. ಡಬ್ಬಿ ಮಾತ್ರ ಇಟ್ಟುಕೊಂಡೆ.

ಅಲ್ಲಿಂದ ಮುಂದೆ ನಮ್ಮ ಹಿತ್ತಿಲ ಗೋಡೆಯ ಕಡೆಗಷ್ಟೇ ನೋಡುತ್ತಿದ್ದೆ. ದಿನಾ ಒಂದಿಷ್ಟು ಹೊತ್ತು. ನಾಲ್ಕಾರು ದಿನ ಕಳೆಯುವುದರಲ್ಲಿ ದುರ್ಬೀನಿನೊಳಗಿಂದ ಸಣ್ಣದೊಂದು ಝೇಂಕಾರ ಕೇಳಿಸತೊಡಗಿತು. ದುರ್ಬೀನು ಕೂಡುವ ಪಟ್ಟಿಯನ್ನು ಬಂದೂಕಿನ ಬೆನ್ನಿಗೆ ಮುಂದೊಂದು, ಹಿಂದೊಂದು ಸ್ಕ್ರೂ ಹಿಡಿದಿದೆಯಲ್ಲ, ಹಿಂದಿನದು ಸಡಿಲಾಗಿತ್ತು. ನಿನ್ನ ಅಪ್ಪನ ಪೆಟ್ಟಿಗೆಯಲ್ಲಿದ್ದ, ಸ್ಕ್ರೂ ಬಿಗಿಯುವ ಸೊಟ್ಟ ಕೀಲಿ ತಂದು ತಿರುಗಿಸಿದೆ. ಬಿಗಿಯಾಗುತ್ತದೆ, ಮತ್ತೆ ಜಾರುತ್ತದೆ. ಜಾರುವುದನ್ನು ಕಂಡ ಕೂಡಲೇ ನನ್ನ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು. ತಂಬೂರಿಯ ತಂತಿ ಬಿಗಿಯುವ ಖುಂಟಿ ಜಾರಿದರೆ ನಾವು ಏನು ಮಾಡುತ್ತೇವೆ? ಸೀಮೆಸುಣ್ಣ ಹಚ್ಚಿ, ಒಳಕ್ಕೆ ಒತ್ತಿ ಹಿಡಿದು ತಿರುಗಿಸುತ್ತೇವೆ. ಐವತ್ತು ವರ್ಷ ಹಾಗೇ ಮಾಡಿದವಳು ನಾನು. ಸ್ಕ್ರೂಗೆ ಸೀಮೆಸುಣ್ಣ ಚೆನ್ನಾಗಿ ಮೆತ್ತಿ, ಅಂಗೈಯಿಂದ ಒತ್ತಿ, ಹಲ್ಲು ಕಚ್ಚಿ ತಿರುಗಿಸಿದೆ. ಕರ್ ಎಂದಿತು. ನಾನು ಅದನ್ನು ಶುಭಸೂಚನೆ ಎಂದುಕೊಂಡೆ. ಒಂದು ದಿನ ಗಟ್ಟಿಯಾಗಿ ನಿಂತೂ ನಿಂತಿತು. ಮರುದಿನ ಸ್ಕ್ರೂ ಕೈಗೆ ಬಂತು. ತೂತಿನೊಳಗಿನ ಥ್ರೆಡ್ಡೆಲ್ಲ ಪುಡಿಯಾಗಿ, ಸುಣ್ಣದ ಜೊತೆ ಉದುರಿತು. ಒಂದೇ ಸ್ಕ್ರೂ ಮೇಲೆ ನಿಂತ ದುರ್ಬೀನು ಹೊರಳಿತು. ಅದನ್ನು ಸರಿಯಾಗಿಸಲು ಹೋಗಿ ಮುಂದಿನದನ್ನೂ ಬಿಚ್ಚಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಆಗಲೂ ಬರಲಿಲ್ಲ.

"ಬೆರಳಲೆ ತಿರುವು, ತೋಳಲೆ ಅಲ್ಲ." ಅಪ್ಪ ಹೇಳಿಕೊಟ್ಟ ಈ ಮಾತನ್ನು ನೀನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀ. ನಾನು ಅಡುಗೆಮನೆಯಿಂದ ಕೇಳಿದ್ದೇನೆ. ಕೇಳಿಯೂ ತೋಳಿನಿಂದಲೇ ತಿರುಗಿಸಿದೆ. ಆ ಸಂಜೆ ಅತ್ತೆ ಬಂದೂಕು ಎದುರಿಗಿಟ್ಟುಕೊಂಡು ಅತ್ತಳು ಎಂದರೆ ನೀನು ನಗುತ್ತೀ. ಅತ್ತದ್ದು ನಿಜ. ಇರುವ ಒಬ್ಬ ಸೊಸೆಯ ಅಪ್ಪನ ಕೈಗುರುತು ಅಳಿಸಿಬಿಟ್ಟೆನಲ್ಲ ಎಂದು ಅತ್ತೆ.

ಅತ್ತು ಮುಗಿದ ಮೇಲೆ ರಿಪೇರಿ ಮಾಡುವವನನ್ನು ಹುಡುಕಲು ಹೊರಟೆ. ಬಂದೂಕನ್ನು ಕೈಯಲ್ಲಿ ಹಿಡಿದು ಬೀದಿಗಿಳಿಯಲು ಆಗುತ್ತದೆಯೆ? ತಂಬೂರಿಯ ಗವಸಣಿಗೆಯೊಳಗೆ ಹಾಕಿದೆ. ಕೆಳಗೆ ಬುರುಡೆಯ ಜಾಗದಲ್ಲಿ ಒಂದು ತಲೆದಿಂಬು ತುರುಕಿದೆ. ಹೊರಗಿನಿಂದ ನೋಡಿದರೆ ಯಾವ ವಿದ್ವಾಂಸರಿಗೂ ಅನುಮಾನ ಬಾರದು.

ಮೊದಲು ಪೇಟೆಯ ಬಂದೂಕಿನ ಅಂಗಡಿ. ಅವರು ನೋಡಿ, "ಪುಣೇಕ್ಕ ಕಳಸಬೇಕಾಗತದ್ರಿ. ದೀಪಾವಳಿ ಆದ ಮ್ಯಾಲೆ ಬರತದ" ಎಂದರು. ನೀನಿರುವ ಊರಿಗೇ ನನ್ನ ಅಪರಾಧವನ್ನು ಪಾರ್ಸಲ್ ಮಾಡಲೆ? ಬೇಡ ಎಂದು ಬಂದೆ. ಆಮೇಲೆ ಗೋಕುಲ ರಸ್ತೆಗೆ ಹೋದೆ. ಅಲ್ಲಿ ಲೇತ್ ಮಷಿನಿನ ಕಾರ್ಖಾನೆ ಇಟ್ಟಿರುವ ಕುಮಾರಸ್ವಾಮಿ ಸಾಲೆಯಲ್ಲಿ ನನ್ನ ಹತ್ತಿರ ಪ್ರಾರ್ಥನೆ ಕಲಿತವನು, ಶ್ರುತಿ ಬಿಟ್ಟು ಹಾಡುವುದರಲ್ಲಿ ಅವನದು ಎತ್ತಿದ ಕೈ. ನನ್ನನ್ನು ಕಂಡು ಕುರ್ಚಿ ಒರೆಸಿ ಕೂಡಿಸಿದ. ಎಂಥ ಥ್ರೆಡ್ಡಾದರೂ ಐದು ನಿಮಿಷದ ಕೆಲಸ ಎಂದ. ಗವಸಣಿಗೆಯ ಬಾಯಿ ಬಿಚ್ಚಿ ನಳಿಗೆ ಹೊರಬಂದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದ. ಇದು ಗಾಳಿಯದಪ್ಪಾ, ಹೆಸರುಕಾಳಿನಷ್ಟು ಗುಂಡು, ಲೈಸೆನ್ಸು ಬೇಡ ಎಂದು ಹೇಳಿದೆ. "ಬಾಯಾರ, ನಿಮ್ಮ ಸಲುವಾಗಿ ಟ್ರ್ಯಾಕ್ಟರಿಂದು ಯಾವ ಪಾರ್ಟ್ ಬೇಕಾದ್ರೂ ಮಾಡಿ ಕೊಡತೇನ್ರಿ. ಇದೊಂದು ಬ್ಯಾಡ್ರಿ" ಎಂದ. ಹೋಗಲಿ ಎಂದು ಎದ್ದರೆ ಬಾಗಿಲವರೆಗೂ ಬಂದು ದನಿ ತಗ್ಗಿಸಿ, "ಬಾಯಾರ, ಮನ್ಯಾಗ ಸೊಸಿ ಜೋಡಿ ಎಲ್ಲಾ ಬರೊಬ್ಬರಿ ಅದಲ್ಲರಿ?" ಎಂದು ಕೇಳಿದ. ನೋಡು ನನ್ನ ಮಾನ ಎಲ್ಲಿಗೆ ಬಂತು!

ಕೊನೆಗೆ ನೆನಪಾದವನು ಧಾರವಾಡದ ಕಮರುದ್ದೀನ. ನನ್ನ ತಂಬೂರಿಗಳ ಬುರುಡೆ, ಖುಂಟಿ, ಮೇರು ಎಲ್ಲ ಅವನ ಮನೆತನದ ಕೈಯಲ್ಲೇ ರಿಪೇರಿಯಾಗಿವೆ. ಯಾವ ಸಾಮಾನು ಕೆಟ್ಟರೂ ನನಗೆ ಅವನೇ ದಿಕ್ಕು. ಚಿಗರಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಗವಸಣಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಇವತ್ತ ಎಲ್ಲಿ ಬೈಠಕ್ಕು ಬಾಯಾರ?" ಎಂದರು. ಧಾರವಾಡದ ಕಡೆಗೆ ಎಂದೆ. ಯಾವ ರಾಗ ಎಂದು ಕೇಳಿದರು. ಇನ್ನೂ ಗೊತ್ತುಮಾಡಿಲ್ಲ, ಕೂತ ಮೇಲೆ ನೋಡಬೇಕು ಎಂದೆ. ಅವರು ತಲೆದೂಗಿ, ಈಗಿನ ಹುಡುಗರು ಮನೆಯಿಂದಲೇ ಎಲ್ಲ ಪಾಠ ಮಾಡಿಕೊಂಡು ಬರುತ್ತಾರೆ, ನಿಮ್ಮದು ಹಳೆಯ ಪದ್ಧತಿ ಎಂದು ಹೊಗಳಿದರು.

ಕಮರುದ್ದೀನ ಗವಸಣಿಗೆ ಬಿಚ್ಚಿ, ಒಂದು ಗಳಿಗೆ ಬಂದೂಕನ್ನೂ ಒಂದು ಗಳಿಗೆ ನನ್ನನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಧಾರಿಸಿಕೊಂಡು, "ಬಾಯಾರ, ನಮ್ಮ ಭಾವ ಗೌಸಮೊದ್ದೀನ ಹಳೇ ಹುಬ್ಬಳ್ಯಾಗ ಅದೇ ಕೆಲಸ ಮಾಡ್ತಾನ್ರಿ. ಬಂದೂಕು ರಿಪೇರಿ ಸರ್ಕಾರಿ ಲೈಸೆನ್ಸು ಐತಿ. ನಮ್ಮಕ್ಕ ತಾಜಬೀನ ಕೊಟ್ಟ ಮನಿ" ಎಂದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಹುಬ್ಬಳ್ಳಿಯವನನ್ನು ಹುಡುಕಲು ಧಾರವಾಡಕ್ಕೆ ಹೋಗಿ ಬಂದೆ.

ಗೌಸಮೊದ್ದೀನ ಸಾಹೇಬರ ಅಂಗಡಿ ಅವರ ಮನೆಯ ಮುಂದಿನ ಕೋಣೆ. ಮೂಲೆಯಲ್ಲಿ ಎರಡು ಹಳೆಯ ಜೋಡುನಳಿಗೆ ಬಂದೂಕು, ಉಳಿದದ್ದೆಲ್ಲ ಮಿಕ್ಸರುಗಳು. ಆ ಮನುಷ್ಯನಿಗೆ ಬಾಯಿ ಬಹಳ. "ಈ ಜೋಡಿ ಊರಾಗ ಬಂದೂಕಿನ ಡಾಕ್ಟರ್ ಅಂದ್ರ ನಾನೊಬ್ಬನ. ಮಿಕ್ಸರ್ ಎಲ್ಲಾ ಹೊಟ್ಟಿಪಾಡಿಗೆ, ಅವನ್ನ ನೋಡಬ್ಯಾಡ್ರಿ" ಎಂದು ಮೊದಲೇ ಹೇಳಿದರು. ಬಂದೂಕನ್ನು ಬೆಳಕಿಗೆ ಹಿಡಿದು, ಹಿಂದಿನ ತೂತಿಗೆ ಕಡ್ಡಿ ಹಾಕಿ ತಿರುವಿ, ತುದಿಗೆ ಬಂದ ಬಿಳಿ ಪುಡಿ ನೋಡಿ, "ಇದರಾಗ ರವಾ ಎಲ್ಲಿಂದ ಬಂತ್ರಿ ಬಾಯಾರ?" ಎಂದರು. ಧೂಳಿರಬೇಕು ಎಂದೆ. ಒಳಗಿನಿಂದ ಚಹಾ ತಂದ ತಾಜಬಿ ಬಗ್ಗಿ ನೋಡಿ ಅಲ್ಲೇ ನನ್ನ ಬಣ್ಣ ಬಯಲು ಮಾಡಿದಳು. "ಧೂಳಲ್ಲ, ಸೀಮಿಸುಣ್ಣ ಐತಿ. ನಮ್ಮ ಅಪ್ಪ ತಂಬೂರಿ ಖುಂಟಿಗೆ ದಿನಾ ಹಚ್ಚತಿದ್ದ, ನಾ ಸಣ್ಣಾಕಿದ್ದಾಗ ಪುಡಿ ಮಾಡಿಕೊಡಾಕಿ ನಾನ" ಎಂದಳು. ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

ಈಗ ಬರೆಯುವುದನ್ನು ನಿಧಾನವಾಗಿ ಓದು.

ಸಾಹೇಬರು ನಗುತ್ತಲೇ ಮುಂದಿನ ತೂತನ್ನೂ ನೋಡಿದರು. ನಗು ನಿಂತಿತು. ಕನ್ನಡಕ ಬದಲಿಸಿದರು. ಉಗುರಿನಿಂದ ಕೆರೆದರು. "ತಾಜಬಿ, ಇಲ್ಲಿ ಬಾ. ಇದು ನನ್ನ ಕೈಯಾಗಿನ ಕೆಲಸ" ಎಂದರು. ಮುಂದಿನ ತೂತಿನೊಳಗೆ ಒಂದು ಸಣ್ಣ ಉಕ್ಕಿನ ಕೊಳವೆ ಕೂಡಿಸಿ, ಅದರೊಳಗೆ ಹೊಸ ಥ್ರೆಡ್ ಕೊರೆದಿತ್ತು. ಅಂದರೆ ನಿನ್ನ ಅಪ್ಪನ ಬಂದೂಕಿನ ಥ್ರೆಡ್ ನನ್ನ ಕೈಗೆ ಬರುವ ಮೊದಲೇ ಒಂದು ಸಲ ಹಾಳಾಗಿ ರಿಪೇರಿಯಾಗಿತ್ತು, ಮಾನಸಿ! ಹಾಳು ಮಾಡಿದವರು ಯಾರು ಗೊತ್ತೆ? ಸಾಕ್ಷಾತ್ ನಮ್ಮ ಬೀಗರು.

ನೀನಾಗ ಕಾಲೇಜಿನವರ ಜೊತೆ ಪ್ರವಾಸಕ್ಕೆ ಹೋಗಿದ್ದೆಯಂತೆ. ಮಗಳು ಬರುವಷ್ಟರಲ್ಲಿ ಹೊಸ ದುರ್ಬೀನು ಗಟ್ಟಿಯಾಗಿ ಕೂಡಿಸಿಡಬೇಕು ಎಂದು ಅವರ ಆಸೆ. ಕೆಲಸಕ್ಕೆ ಸೇರಿದಾಗಿನಿಂದ ರೈಲ್ವೆ ಕಾರ್ಖಾನೆಯಲ್ಲಿ ಡಬ್ಬಿಗಳ ನಟ್ಟು ಬಿಗಿದ ಕೈ ಅದು. ನಾನು ಸ್ಕ್ರೂವನ್ನು ತಂಬೂರಿಯ ಖುಂಟಿ ಮಾಡಿದೆ, ಅವರು ರೈಲಿನ ನಟ್ಟು ಮಾಡಿದರು. ಕೀಲಿಗೆ ಉದ್ದನೆಯ ಪೈಪು ತೊಡಿಸಿ ತಿರುಗಿಸಿದರಂತೆ! ಥ್ರೆಡ್ ಕಿತ್ತು ಬಂತು. ಬಂದೂಕನ್ನು ಚಾದರದಲ್ಲಿ ಸುತ್ತಿಕೊಂಡು ಇದೇ ಕಟ್ಟೆಯ ಮೇಲೆ ಬಂದು ಕೂತರು. ಸಾಹೇಬರಿಗೆ ಆಗ ಇನ್ನೂ ವಯಸ್ಸು, ಸಿಟ್ಟು ಮೂಗಿನ ಮೇಲೆ. ರಿಪೇರಿ ಮಾಡುವವರೆಗೂ ಬೈದರು. ಏನೆಂದು ಬೈದರು ಕೇಳು: "ಏನ್ ರಾಯರ, ಇದು ಬಂದೂಕೈತಿ, ಬೋಗಿ ಅಲ್ಲ. ಬೆರಳಲೆ ತಿರುವರಿ, ತೋಳಲೆ ಅಲ್ಲ!"

ಹೌದು. ಆ ಮಾತು ಅಲ್ಲಿಯದು. ನೀನು ಅಪ್ಪನ ಉಪದೇಶ ಎಂದು ಮಕ್ಕಳಿಗಾಗಿ ಹಿತ್ತಿಲ ಗೋಡೆಗೆ ಬರೆಸಿದ ಮಾತು ಅಪ್ಪ ತಿಂದ ಬೈಗುಳ.

ಕೆಲಸ ಮುಗಿದ ಮೇಲೆ ಬೀಗರು ಕೈಮುಗಿದು ಹೇಳಿದರಂತೆ, "ನನ್ನ ಮಗಳಿಗೆ ಗೊತ್ತಾಗಬಾರದ್ರಿ. ಅಪ್ಪಗ ಎಲ್ಲಾ ಬರತದ ಅಂತ ತಿಳದಾಳ ಆಕಿ. ಇನ್ನ ಸ್ವಲ್ಪ ದಿವಸ ಹಂಗೇ ತಿಳಕೊಳ್ಳಲಿ." ಇದನ್ನು ಹೇಳುವಾಗ ಸಾಹೇಬರು ನಿಮ್ಮ ಅಪ್ಪನ ದನಿಯನ್ನೇ ಮಾಡಿ ತೋರಿಸಿದರು, ಆ ಮೂಗಿನಿಂದ ಬರುವ ಕೊನೆಯ ಅಕ್ಷರ ಸಮೇತ. ನಾನು ನಕ್ಕೆ, ಕಣ್ಣೊರೆಸಿಕೊಂಡೆ, ಮತ್ತೆ ನಕ್ಕೆ. ಬೀಗರು ಇದ್ದಿದ್ದರೆ ಅಂದೇ ಅವರ ಮನೆಗೆ ಹೋಗಿ, "ನೋಡ್ರಿ, ನೀವು ಮುಂದಿಂದು, ನಾ ಹಿಂದಿಂದು" ಎಂದು ಹೇಳುತ್ತಿದ್ದೆ. ಪಕ್ಷಮಾಸದಲ್ಲಿ ಹಿರಿಯರು ಮನೆಯ ಹತ್ತಿರ ಬಂದು ನಿಲ್ಲುತ್ತಾರೆ ಎನ್ನುತ್ತಾರೆ. ನಮ್ಮ ಬೀಗರು ಹಳೇ ಹುಬ್ಬಳ್ಳಿಯ ಆ ಕಟ್ಟೆಯ ಮೇಲೆ ಕೂತಿದ್ದರು ಎಂದು ನನಗೆ ಅನಿಸಿತು.

ಇನ್ನೊಂದು ಮಾತು, ತಾಜಬಿ ಹೇಳಿದ್ದು. ಥ್ರೆಡ್ ಸರಿಯಾದ ಮೇಲೆ ಬೀಗರು ಹಿಂದಿನ ಅಂಗಳದಲ್ಲಿ ಉಸುಕಿನ ಚೀಲಕ್ಕೆ ಹಾಳೆ ಚುಚ್ಚಿ ಬೆಳಗಿನಿಂದ ಗುರಿ ಕೂಡಿಸುತ್ತ ಕೂತರಂತೆ. ಗುಂಡು ಬರೋಬ್ಬರಿ ನಡುವೆ ಬೀಳುತ್ತಿದ್ದರೂ ಏಳಲೊಲ್ಲರು. "ಈಗ ನಟ್ಟನಡಕ ಬಿತ್ತಲ್ಲರಿ, ಇನ್ನೇನ್ರಿ?" ಎಂದು ಈಕೆ ಕೇಳಿದ್ದಕ್ಕೆ, "ನನ್ನ ಕಣ್ಣಿಗೆ ನಡಕ ಬಿದ್ದು ಏನ್ ಮಾಡೂದದವ್ವಾ? ನಮ್ಮ ಮಾನಸಿ ತಲಿ ಸ್ವಲ್ಪ ವಾರಿ ಮಾಡಿ ನೋಡತಾಳ. ಆಕಿ ಕಣ್ಣಿಗೆ ಕೂಡಸಲಿಕ್ಕತ್ತೇನಿ" ಎಂದರಂತೆ. ತಲೆ ವಾರೆ ಮಾಡಿ, ನಿನ್ನ ಹಾಗೆ ಗಲ್ಲ ಒತ್ತಿಕೊಂಡು, ಮತ್ತೆ ಮತ್ತೆ ಹೊಡೆದು ನೋಡಿದರಂತೆ.

ಕೇಳಿದೆಯಾ ಮಗಳೆ? ನೀನು ಮುಟ್ಟದೆ ಕಾಪಾಡಿದ ಆ ಗುರಿ ಅಪ್ಪನದಲ್ಲ. ಅದು ನಿನ್ನ ಕಣ್ಣಿನದು. ಮಗಳು ಹೊಡೆಯಲಿ ಎಂದು ಕೂಡಿಸಿದ್ದನ್ನು ಮಗಳು ಮಫ್ಲರಿನಲ್ಲಿ ಸುತ್ತಿಟ್ಟಳು.

ಇನ್ನು ನನ್ನ ತೂತಿನ ಕಥೆ. ಸಾಹೇಬರು ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಮುಂದಿನದರ ಹಾಗೇ ಉಕ್ಕಿನ ಕೊಳವೆ ಕೂಡಿಸಿದರು. ಮೊದಲನೆಯದು ಸೊಟ್ಟಗೆ ಕೂತು ದುರ್ಬೀನು ಪಕ್ಕದ ಮನೆಯ ನುಗ್ಗೆಗಿಡ ನೋಡತೊಡಗಿತು. ತಮ್ಮ ತಪ್ಪಲ್ಲ, ನಾನು ಬೆಳಕಿಗೆ ಅಡ್ಡ ನಿಂತದ್ದು ಎಂದು ವಾದಿಸಿದರು. ಪೊರೆ ತೆಗೆಸಿದ ಗಂಡನ ಕಣ್ಣಿಗೆ ನೀರು ಬರುತ್ತಿದೆ ಎಂದು ತಾಜಬಿ ಹೇಳಿದಳು, ಅವರು ಒಪ್ಪಲಿಲ್ಲ. ಅದನ್ನು ತೆಗೆದು ಮತ್ತೊಂದು ಮಾಡಿ, ಮರುದಿನ ಕೂಡಿಸಿದರು. ಈಗ ನೆಟ್ಟಗಾಯಿತು. "ಬಂಡಿ ಎಳದ್ರೂ ಬರೂದಿಲ್ಲ" ಎಂದು ಜಂಬ ಕೊಚ್ಚಿದರು. ನಾನು ಬೆರಳಿನ ಗೆಣ್ಣಿನಿಂದ ದುರ್ಬೀನಿಗೆ ಮೆಲ್ಲಗೆ ತಟ್ಟಿ ಕಿವಿ ಇಟ್ಟೆ. ಎಲ್ಲೋ ಒಂದು ಕೂದಲೆಳೆಯಷ್ಟು ಝೇಂಕಾರ. ಮೇರುವಿನ ಮೇಲೆ ಜವಾರಿ ಕೆಟ್ಟು ಗರಗರ ಎನ್ನುವ ತಂಬೂರಿ ತಂತಿಯ ಹಾಗೆ. ಇನ್ನೂ ಹಿಡಿದಿಲ್ಲ ಎಂದೆ. ಹಿಡಿದಿದೆ ಎಂದು ಅವರು. ಇಲ್ಲ ಎಂದು ನಾನು. ಅತ್ತ ಅವರ ವಿದ್ಯೆ, ಇತ್ತ ನನ್ನ ಕಿವಿ, ನಡುವೆ ತಾಜಬಿ ಚಹಾ ಹಿಡಿದು ನಿಂತಿದ್ದಳು. ಕೊನೆಗೆ ಸಿಟ್ಟಿನಿಂದ ಬಿಚ್ಚಿ ನೋಡಿದರು. ಹೊಸ ಸ್ಕ್ರೂ ತುಸು ಉದ್ದವಾಗಿ, ಪಟ್ಟಿಯನ್ನು ಹಿಡಿಯುವ ಮೊದಲೇ ಅದರ ತುದಿ ತೂತಿನ ತಳ ಮುಟ್ಟುತ್ತಿತ್ತು. ತುದಿ ಸ್ವಲ್ಪ ಅರದಿಂದ ತಿಕ್ಕಿ ಹಾಕಿದರು. ತಟ್ಟಿದೆ. ಝೇಂಕಾರವಿಲ್ಲದ ಒಂದು ಗಟ್ಟಿ ಠಕ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. "ಬಾಯಾರ, ನಾಳಿಂದ ಮಿಕ್ಸರ್ ಆವಾಜ್ ಕೇಳಾಕ ಕೆಲಸಕ್ಕ ಬರ್ರಿ" ಎಂದರು.

ಆಮೇಲೆ ಹೊಡೆದು ನೋಡಬೇಕಲ್ಲ. ಸಾಹೇಬರ ಕಣ್ಣಲ್ಲಿ ನೀರು. ತಾಜಬಿ ಒಲ್ಲೆ ಎಂದಳು. ಉಳಿದವಳು ನಾನು. ಅಂಗಳದಲ್ಲಿ ಅದೇ ಜಾಗದಲ್ಲಿ ಉಸುಕಿನ ಚೀಲ ಇಟ್ಟರು, ಮುಂದೆ ಮೇಜು, ಮೇಜಿನ ಮೇಲೆ ನನ್ನ ತಲೆದಿಂಬು. ಆಲಾಪಕ್ಕೆ ಮೊದಲು ಉಸಿರು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು, ಅರ್ಧ ಬಿಟ್ಟು, ನಿಲ್ಲಿಸಿ, ಬೆರಳು ಒತ್ತಿದೆ. ಹೀಗೆ ಮೂರು ಸಲ ಹೊಡೆದೆ, ಮೂರೂ ಗುಂಡು ಒಂದು ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಬಿದ್ದವು.

ಸಾಹೇಬರು ಹಾಳೆ ನೋಡಿದರು, ನನ್ನನ್ನು ನೋಡಿದರು. "ಬಾಯಾರ, ಇದು ಮೊದಲನೇ ಗುಂಡು ಅಲ್ಲ ನಿಮ್ದು" ಎಂದರು.

ಅಲ್ಲ. ಬರೆದುಬಿಡುತ್ತೇನೆ. ಗಚ್ಚಿಯ ಮೇಲೆ ನಾನು ದುರ್ಬೀನಿನಲ್ಲಿ ಬರೀ ನೋಡುತ್ತಿರಲಿಲ್ಲ. ಹಿತ್ತಿಲ ಗೋಡೆಗೆ ಉಸುಕು ತುಂಬಿದ ಎಣ್ಣೆಡಬ್ಬಿ ಒರಗಿಸಿ, ನಿನ್ನ ಮಕ್ಕಳ ಅಭ್ಯಾಸದ ಹಾಳೆ ಅಂಟಿಸಿ, ದಿನಾ ಹೊಡೆಯುತ್ತಿದ್ದೆ. ಬರೀ ನೋಡಿದರೆ ಸ್ಕ್ರೂ ಸಡಿಲಾಗುತ್ತದೆಯೇ ಹುಚ್ಚಿ? ನಿನಗೆ ಮೊದಲೇ ಅನುಮಾನ ಬಂದಿರಬೇಕು. ಈ ವಯಸ್ಸಿನಲ್ಲಿ ಹೊಸದೊಂದು ವಿದ್ಯೆ ಕೈಗೆ ಹತ್ತಿದ ಸಂತೋಷ ಏನೆಂದು ಹೇಳಲಿ! ನನ್ನ ಮೇಲಿನ ಷಡ್ಜ ಹೋಗಿ ಎಷ್ಟೋ ವರ್ಷವಾಯಿತು, ನಿನಗೆ ಗೊತ್ತು. ಉಸಿರು ಮಾತ್ರ ಉಳಿದಿತ್ತು. ಅದಕ್ಕೂ ಒಂದು ಕೆಲಸವಿದೆ ಎಂದು ಆ ಬಂದೂಕು ತೋರಿಸಿತು. ಅದಕ್ಕಾಗಿ ನಾನು ಪಶ್ಚಾತ್ತಾಪ ಪಡಲಾರೆ. ಸೀಮೆಸುಣ್ಣಕ್ಕಾಗಿ ಮಾತ್ರ ಪಡುತ್ತೇನೆ.

ಹೊರಡುವಾಗ ತಾಜಬಿ ಒಳಗಿನಿಂದ ತನ್ನ ಅಪ್ಪ ಕೊಟ್ಟ ಒಂದು ಸಣ್ಣ ತಂಬೂರಿ ತಂದಳು. ಮದುವೆಯಾದಾಗಿನಿಂದ ಗೋಡೆಗಿತ್ತಂತೆ. ಸಾಹೇಬರು ಅದನ್ನು ಬಿಚ್ಚಿ ನೋಡಲು ಹೋದರೆ ಈಕೆ ಕೈಯಿಂದ ಕಸಿದುಕೊಂಡು ನನಗೆ ಕೊಟ್ಟಳು. ನನ್ನ ಚೀಲದಲ್ಲಿ ಆ ಸೀಮೆಸುಣ್ಣದ ತುಂಡು ಇನ್ನೂ ಇತ್ತು. ಖುಂಟಿಗೆ ಹಚ್ಚಿ, ಒತ್ತಿ ತಿರುಗಿಸಿ ಶ್ರುತಿ ಮಾಡಿಕೊಟ್ಟೆ. ಸುಣ್ಣ ಕೊನೆಗೂ ತನ್ನ ಜಾಗಕ್ಕೆ ಹೋಯಿತು. ಮಿಕ್ಸರುಗಳ ನಡುವೆ ಕೂತು ಒಂದು ಚೀಜು ಹಾಡಿದೆ, ಕೆಳಗಿನ ಸ್ವರದಲ್ಲೇ. ಬಸ್ಸಿನ ಹಿರಿಯರಿಗೆ ಹೇಳಿದ್ದೂ ಸುಳ್ಳಾಗಲಿಲ್ಲ.

ಬಂದೂಕು ಈಗ ಮೇಲಿನ ಖಾನೆಯಲ್ಲಿ ಮಫ್ಲರು ಹೊದ್ದು ಮಲಗಿದೆ. ಹಳೆಯ ಗುರಿ ಹೋಯಿತು ಮಾನಸಿ, ಅದನ್ನು ನಾನು ಮರಳಿ ತರಲಾರೆ. ಗುಂಡುಗಳು ಒಂದೇ ಕಡೆ ಬೀಳುತ್ತವೆ, ಆದರೆ ನಡುವಿನಿಂದ ಎರಡು ಬೆರಳು ಎಡಕ್ಕೆ. ಸಾಹೇಬರು ದುರ್ಬೀನಿನ ತಿರುಪು ತಿರುಗಿಸಿ ನಡುವೆ ತರಲು ಕೈ ಚಾಚಿದರು. ನಾನು ಅವರ ಕೈ ಹಿಡಿದೆ. ಅದು ನಮ್ಮಿಬ್ಬರ ಕಣ್ಣಿನ ಕೆಲಸವಲ್ಲ ಎಂದೆ. ಅವರು ಬಂದೂಕನ್ನು ಹಾಗೇ ಗವಸಣಿಗೆಯೊಳಗೆ ಇಟ್ಟುಕೊಟ್ಟರು.

ಸಿಟ್ಟು ಮಾಡುವುದಿದ್ದರೆ ಮಾಡು. ಬಂದು ಮಾಡು. ಹಬ್ಬಕ್ಕೆ ಹೋಳಿಗೆ ಮಾಡುತ್ತೇನೆ, ಸಿಟ್ಟು ಎಷ್ಟು ದೊಡ್ಡದಿದ್ದರೆ ಅಷ್ಟು ತುಪ್ಪ.

ನಿನ್ನ ದಾರಿ ಕಾಯುವ,
ನಿನ್ನ ಅತ್ಯಾ
ತಾರಾಬಾಯಿ

ತಾ.ಕ.: ಈ ಪತ್ರದ ಜೊತೆ ಕಳಿಸಿದ ಪೇಡೆಯ ಡಬ್ಬಿಯ ತಳದಲ್ಲಿ ಸಣ್ಣ ಪೊಟ್ಟಣವಿದೆ, ಸಂಕೇತ ಪೇಡೆ ಎಂದುಕೊಂಡು ಬಾಯಿಗೆ ಹಾಕಿಕೊಳ್ಳುವ ಮುಂಚೆ ತೆಗೆದುಕೊ. ಒಳಗೆ ಎರಡು ಕೆಟ್ಟ ಸ್ಕ್ರೂ. ಬೆಳ್ಳಗಿರುವುದು ನನ್ನದು. ಎಣ್ಣೆ ಹಿಡಿದು ಕಪ್ಪಾಗಿರುವುದು ಅಪ್ಪನದು. ಗೌಸಮೊದ್ದೀನ ಸಾಹೇಬರು ಇಷ್ಟು ವರ್ಷ ಅದನ್ನು ಒಂದು ಮೊಳೆಗೆ ಕಟ್ಟಿಟ್ಟು, ಬಂದ ಗಿರಾಕಿಗಳಿಗೆ, "ಹಿಂಗ ತಿರುವಬ್ಯಾಡ್ರಿ" ಎಂದು ತೋರಿಸುತ್ತಿದ್ದರಂತೆ. ಮತ್ತೆ, ಬಂದೂಕಿನ ಹಿಂದಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಖಂಡೇನವಮಿಯ ದಿನ ನೀನು ಬಂದು ತಿರುಗಿಸು, ಬೆರಳಿನಿಂದ. ಆಮೇಲೆ ಹಿತ್ತಿಲಲ್ಲಿ ಐದೈದು ಗುಂಡು, ನೀನೂ ನಾನೂ. ಸೋತವರು ಹೋಳಿಗೆ ಲಟ್ಟಿಸಬೇಕು, ನಾನು ಹಿಟ್ಟು ನಾದಿ ಇಟ್ಟಿರುತ್ತೇನೆ.